ಏರದ, ಇಳಿಯದ ಗೆರೆ

ಐದು ಜನ ರೋಗಿಗಳು. ಮೊದಲ ಡೋಸ್ ಔಷಧಿ ಕೊಟ್ಟ ಮೇಲೆ ಆರು ಗಂಟೆಯವರೆಗೆ, ಎರಡು ಗಂಟೆಗೊಮ್ಮೆ ಅವರ ರಕ್ತ ತೆಗೆದರು. ಅಲ್ಲಿಂದ ಎರಡನೇ ದಿನದವರೆಗೆ ಆರು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ. ಆಮೇಲೆ ಏಳನೇ ದಿನದವರೆಗೆ ದಿನಕ್ಕೊಮ್ಮೆ. ಒಂದೊಂದು ಕೊಳವೆಯ ರಕ್ತದಲ್ಲೂ ಎಚ್‌ಐವಿ ಕಣಗಳೆಷ್ಟಿವೆ ಎಂದು ಎಣಿಸಿ ಕಾಗದದ ಮೇಲೆ ಚುಕ್ಕೆ ಇಟ್ಟರು. ಐದು ಜನರಿಗೆ ಐದು ಗೆರೆಗಳಾದವು. 1996ರ ಮಾರ್ಚ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಆ ಗೆರೆಗಳು ಅಚ್ಚಾದವು. ಲೇಖನದ ಮೊದಲ ಹೆಸರು ವೈದ್ಯರದಲ್ಲ. ನ್ಯೂ ಮೆಕ್ಸಿಕೋದ ಲಾಸ್ ಅಲಮೋಸ್‌ನಲ್ಲಿ, ಅಣುಬಾಂಬು ತಯಾರಾದ ಪ್ರಯೋಗಾಲಯದಲ್ಲಿ, ಸಮೀಕರಣ ಬರೆಯುತ್ತಿದ್ದ ಅಲನ್ ಪೆರೆಲ್ಸನ್ ಅವರದು. ಕೊನೆಯ ಹೆಸರು ನ್ಯೂಯಾರ್ಕಿನ ಆರನ್ ಡೈಮಂಡ್ ಏಡ್ಸ್ ಸಂಶೋಧನಾ ಕೇಂದ್ರದ ವೈದ್ಯ ಡೇವಿಡ್ ಹೋ ಅವರದು.

ಸೂಜಿ ಚುಚ್ಚಿಸಿಕೊಂಡ ಆ ಐವರ ಹೆಸರು ನಮಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಆದರೆ ಈ ಕಥೆ ಹೇಳುವಾಗ ನನಗೆ ಮೊದಲು ನೆನಪಾಗುವುದು ಅವರೇ. ಅವರು ತೋಳು ಚಾಚದಿದ್ದರೆ ಯಾವ ಸಮೀಕರಣವೂ ಬಾಯಿ ಬಿಡುತ್ತಿರಲಿಲ್ಲ.

ಎಚ್‌ಐವಿ ಸೋಂಕು ತಗುಲಿದವರಲ್ಲಿ ಹಲವರಿಗೆ ಮೊದಲ ಕೆಲವು ವಾರ ಜ್ವರ, ಗಂಟಲು ನೋವು. ಆಗ ರಕ್ತದಲ್ಲಿ ವೈರಸ್ ಒಮ್ಮೆಲೇ ಏರುತ್ತದೆ. ದೇಹದ ರೋಗನಿರೋಧಕ ಪಡೆ ಎಚ್ಚೆತ್ತು ಅದನ್ನು ತಗ್ಗಿಸುತ್ತದೆ, ಆದರೆ ಮುಗಿಸುವುದಿಲ್ಲ. ವೈರಸ್ಸಿನ ಪ್ರಮಾಣ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಸರಾಸರಿ ಹತ್ತು ವರ್ಷ ಹೀಗೆಯೇ ಸಾಗುತ್ತದೆ. ವ್ಯಕ್ತಿ ಕೆಲಸಕ್ಕೆ ಹೋಗುತ್ತಾನೆ, ಮದುವೆಮನೆಯಲ್ಲಿ ಓಡಾಡುತ್ತಾನೆ. ಒಳಗೆ ಮಾತ್ರ ಸಿಡಿ4 ಎಂಬ ಬಿಳಿ ರಕ್ತಕಣಗಳು ಮೆಲ್ಲಮೆಲ್ಲನೆ ಕರಗುತ್ತಿರುತ್ತವೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 1,000 ಇದ್ದದ್ದು 200ಕ್ಕಿಂತ ಕೆಳಗಿಳಿದಾಗ ಏಡ್ಸ್ ಎನ್ನುತ್ತಾರೆ.

ಈ ಹತ್ತು ವರ್ಷವನ್ನು ವೈದ್ಯರು ಸುಪ್ತಾವಸ್ಥೆ ಎಂದು ಕರೆಯುತ್ತಿದ್ದರು. ವೈರಸ್ ನಿದ್ದೆ ಮಾಡುತ್ತಿದೆ ಎಂಬ ಭಾವನೆ ಆ ಹೆಸರಿನಲ್ಲೇ ಇತ್ತು. 1993ರಲ್ಲಿ ದುಗ್ಧಗ್ರಂಥಿಗಳನ್ನು ಪರೀಕ್ಷಿಸಿದವರು ಅಲ್ಲಿ ವೈರಸ್ ಹುಟ್ಟುತ್ತಲೇ ಇರುವುದನ್ನು ಕಂಡರು. ಆದರೆ ದಿನಕ್ಕೆ ಎಷ್ಟು ಹುಟ್ಟುತ್ತದೆ, ಎಷ್ಟು ಸಾಯುತ್ತದೆ? ಸಾವಿರವೋ, ಕೋಟಿಯೋ? ಅದನ್ನು ಹೇಳಬಲ್ಲವರು ಯಾರೂ ಇರಲಿಲ್ಲ. ಎಷ್ಟು ಸಲ ಅಳೆದರೂ ಗೆರೆ ಒಂದೇ ಮಟ್ಟದಲ್ಲಿರುತ್ತಿತ್ತು. ಮಟ್ಟವಾದ ಗೆರೆ ಏನನ್ನೂ ಹೇಳುವುದಿಲ್ಲ.

ನಮ್ಮ ಊರುಗಳ ನೀರುಗಂಟಿಗೆ ಈ ಸಮಸ್ಯೆ ಚೆನ್ನಾಗಿ ಅರ್ಥವಾಗುತ್ತದೆ. ಕೆರೆಯ ನೀರು ವಾರಗಟ್ಟಲೆ ಒಂದೇ ಮಟ್ಟದಲ್ಲಿದೆ ಎಂದುಕೊಳ್ಳಿ. ಹಳ್ಳದಿಂದ ನೀರು ಬರದೆ, ತೂಬಿನಿಂದ ಹೊರಗೆ ಹೋಗದೆ ನಿಂತ ನೀರಾಗಿರಬಹುದು. ಇಲ್ಲವೇ ಹಳ್ಳ ತುಂಬಿ ಬರುತ್ತಿದ್ದು, ಅಷ್ಟೇ ನೀರು ತೂಬಿನಿಂದ ಹರಿದು ಹೋಗುತ್ತಿರಬಹುದು. ಏರಿಯ ಮೇಲೆ ನಿಂತು ನೋಡುವವನಿಗೆ ಎರಡೂ ಒಂದೇ. ತಿಳಿಯಬೇಕೆಂದರೆ ಹಳ್ಳಕ್ಕೆ ಅಡ್ಡ ಕಟ್ಟಬೇಕು. ಆಗ ನೀರು ಎಷ್ಟು ಬೇಗ ಇಳಿಯುತ್ತದೆಯೋ, ಅಷ್ಟು ಜೋರಾಗಿ ತೂಬು ಹರಿಯುತ್ತಿತ್ತು ಎಂದರ್ಥ. ಅಷ್ಟೇ ಜೋರಾಗಿ ಹಳ್ಳವೂ ಬರುತ್ತಿತ್ತು. 1994ರ ಹೊತ್ತಿಗೆ ಎಚ್‌ಐವಿಯ ಹಳ್ಳಕ್ಕೆ ಅಡ್ಡ ಕಟ್ಟಬಲ್ಲ ಔಷಧಿ ಸಿಕ್ಕಿತ್ತು. ಅಬಾಟ್ ಕಂಪನಿ ತಯಾರಿಸಿದ, ಆಗ ಎಬಿಟಿ-538 ಎಂಬ ಸಂಖ್ಯೆಯಷ್ಟೇ ಇದ್ದ, ಮುಂದೆ ರಿಟೊನವಿರ್ ಎಂದು ಹೆಸರಾದ ಔಷಧಿ ಅದು.

ಔಷಧಿ ಸಿಕ್ಕಾಗ ಗಣಿತವೂ ಸಿದ್ಧವಾಗಿದ್ದದ್ದು ಆಕಸ್ಮಿಕವಲ್ಲ. ಅದರ ಹಿಂದೆ ಇಪ್ಪತ್ತು ವರ್ಷಗಳ ಕೆಲಸವಿತ್ತು, ಅದೂ ಯಾರೂ ಹೆಚ್ಚು ಗಮನಿಸದೇ ಇದ್ದ ಕೆಲಸ. ಲಾಸ್ ಅಲಮೋಸ್‌ನಲ್ಲಿ ಜಾರ್ಜ್ ಬೆಲ್ ಎಂಬ ಭೌತವಿಜ್ಞಾನಿ ಇದ್ದರು. ಹಾನ್ಸ್ ಬೇಥೆ ಅವರ ಶಿಷ್ಯ. ಪರಮಾಣು ರಿಯಾಕ್ಟರುಗಳ ಸಿದ್ಧಾಂತದ ಮೇಲೆ ಪಠ್ಯಗ್ರಂಥ ಬರೆದವರು. ಜೊತೆಗೆ ಎದೆಗಾರ ಪರ್ವತಾರೋಹಿ. 1953ರ ಆಗಸ್ಟ್‌ನಲ್ಲಿ ಕೆ2 ಶಿಖರದ ಕಡಿದಾದ ಹಿಮದ ಇಳಿಜಾರಿನಲ್ಲಿ, ಕಾಯಿಲೆ ಬಿದ್ದ ಸಂಗಡಿಗನನ್ನು ಇಳಿಸಿಕೊಂಡು ಬರುವಾಗ, ಕಾಲು ಜಾರಿದ್ದು ಇವರದೇ. ಹಗ್ಗಗಳು ಒಂದಕ್ಕೊಂದು ಸಿಕ್ಕಿ ಜೊತೆಯವರೂ ಉರುಳಿದರು. ಪೀಟ್ ಶೋನಿಂಗ್ ಎಂಬಾತ ಮೇಲೆ ಒಬ್ಬನೇ ಹಗ್ಗ ಬಿಗಿಹಿಡಿದು ಎಲ್ಲರನ್ನೂ ಉಳಿಸಿದ. ಹೀಗೆ ಉಳಿದ ಬೆಲ್, ಇಪ್ಪತ್ತು ವರ್ಷ ಕಳೆದು 1973ರಲ್ಲಿ, ದೇಹದ ರೋಗನಿರೋಧಕ ಪ್ರತಿಕ್ರಿಯೆಯನ್ನು ಬೇಟೆಗಾರ ಮತ್ತು ಬೇಟೆಯ ಸಮೀಕರಣಗಳಲ್ಲಿ ಬರೆದು ತೋರಿಸಿದರು.

ಆ ಸಮೀಕರಣಗಳ ಮೂಲ ಇಟಲಿಯ ಮೀನುಪೇಟೆಯಲ್ಲಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ತಗ್ಗಿದಾಗ, ಬಲೆಗೆ ಬಿದ್ದ ಮೀನುಗಳಲ್ಲಿ ಇತರ ಮೀನುಗಳನ್ನು ತಿನ್ನುವ ಶಾರ್ಕ್‌ನಂಥವುಗಳ ಪಾಲು ಹೆಚ್ಚಾಯಿತು. ಯಾಕೆ ಎಂದು ಜೀವವಿಜ್ಞಾನಿ ಉಂಬರ್ಟೊ ಡಿ'ಅಂಕೋನ ಕೇಳಿದರು. ಗಣಿತಜ್ಞ ವೀಟೊ ವೋಲ್ಟೆರ 1926ರಲ್ಲಿ ಉತ್ತರ ಕೊಟ್ಟರು. ಬೇಟೆ ಹೆಚ್ಚಿದರೆ ಬೇಟೆಗಾರ ಹೆಚ್ಚುತ್ತಾನೆ, ಬೇಟೆಗಾರ ಹೆಚ್ಚಿದರೆ ಬೇಟೆ ತಗ್ಗುತ್ತದೆ, ಬೇಟೆ ತಗ್ಗಿದರೆ ಬೇಟೆಗಾರನೂ ಸೊರಗುತ್ತಾನೆ. ಬೆಲ್ ಇದರಲ್ಲಿ ಮೀನಿನ ಜಾಗದಲ್ಲಿ ರೋಗಾಣುವನ್ನೂ, ಶಾರ್ಕಿನ ಜಾಗದಲ್ಲಿ ಪ್ರತಿಕಾಯವನ್ನೂ ಇಟ್ಟರು.

ಇದೇ ಕಾಲದಲ್ಲಿ ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಸೈಬೀರಿಯಾದ ನೊವೊಸಿಬಿರ್ಸ್ಕ್‌ನಲ್ಲಿ, ಗುರಿ ಮಾರ್ಚುಕ್ ಎಂಬ ಗಣಿತಜ್ಞರು ಇದೇ ದಾರಿ ಹಿಡಿದಿದ್ದರು. ಸೋವಿಯತ್ ವಿಜ್ಞಾನ ಅಕಾಡೆಮಿಯ ಕೊನೆಯ ಅಧ್ಯಕ್ಷರಾದವರು ಅವರೇ. ಅವರ ಮಾದರಿಯಲ್ಲಿ ನಾಲ್ಕು ಸಂಗತಿಗಳ ಲೆಕ್ಕ ಇತ್ತು: ವೈರಸ್, ಪ್ರತಿಕಾಯ, ಪ್ರತಿಕಾಯ ತಯಾರಿಸುವ ಕೋಶ, ಮತ್ತು ಅಂಗಕ್ಕೆ ಆದ ಹಾನಿ. ಅಂಕಿಗಳನ್ನು ಬದಲಿಸಿದರೆ ಅದೇ ನಾಲ್ಕು ಸಮೀಕರಣಗಳಿಂದ ನಾಲ್ಕು ಬಗೆಯ ಕಾಯಿಲೆ ಹೊರಡುತ್ತಿತ್ತು. ಅರಿವಿಗೇ ಬಾರದೆ ಹೋಗುವ ಸೋಂಕು, ಜೋರಾಗಿ ಬಂದು ವಾಸಿಯಾಗುವ ಜ್ವರ, ವರ್ಷಗಟ್ಟಲೆ ಬಿಡದ ದೀರ್ಘ ಕಾಯಿಲೆ, ಸಾವು. ಮಾರ್ಚುಕ್ ಕೂಡ ರಿಯಾಕ್ಟರ್ ಲೆಕ್ಕದಿಂದ ಬಂದವರು, ಓಬ್ನಿನ್‌ಸ್ಕ್‌ನಲ್ಲಿ ಕೆಲಸ ಮಾಡಿದವರು. ಶೀತಲ ಸಮರದ ಎರಡೂ ಕಡೆ ಒಂದೇ ಬಗೆಯ ಜನ ಒಂದೇ ಪ್ರಶ್ನೆಗೆ ಬಂದು ಸೇರಿದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ. ಒಂದು ನ್ಯೂಟ್ರಾನ್ ಒಂದು ಪರಮಾಣುವನ್ನು ಒಡೆದು ಎರಡು ಮೂರು ನ್ಯೂಟ್ರಾನ್ ಹೊರಬಂದರೆ ಸರಣಿ ಬೆಳೆಯುತ್ತದೆ. ಸರಾಸರಿ ಒಂದಕ್ಕಿಂತ ಕಡಿಮೆ ಉಳಿದರೆ ಆರಿಹೋಗುತ್ತದೆ. ಸೋಂಕು ತಗುಲಿದ ಕೋಶದ ಕಥೆಯೂ ಅದೇ. ಆ ಲೆಕ್ಕದಲ್ಲಿ ಕೈ ಪಳಗಿದವರಿಗೆ ವೈರಸ್ ಅಪರಿಚಿತವಾಗಿ ಕಂಡಿರಲಾರದು.

ಬೆಲ್ 1974ರಲ್ಲಿ ಲಾಸ್ ಅಲಮೋಸ್‌ನಲ್ಲಿ ಸೈದ್ಧಾಂತಿಕ ಜೀವವಿಜ್ಞಾನದ ಪುಟ್ಟ ತಂಡ ಕಟ್ಟಿದರು. ಎಂಜಿನಿಯರಿಂಗ್ ಓದಿ, ಬರ್ಕ್ಲಿಯಲ್ಲಿ ಜೈವಿಕ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಯುವಕ ಪೆರೆಲ್ಸನ್ ಅದೇ ವರ್ಷ ಅಲ್ಲಿಗೆ ಬಂದರು. ಇಪ್ಪತ್ತು ವರ್ಷ ಪ್ರತಿಕಾಯಗಳ, ಕೋಶಗಳ ಲೆಕ್ಕ ಬರೆದರು. ವೈದ್ಯರಲ್ಲಿ ಅದನ್ನು ಓದಿದವರು ಕಡಿಮೆ.

ಡೇವಿಡ್ ಹೋ ತೈವಾನಿನಲ್ಲಿ ಹುಟ್ಟಿ ಹನ್ನೆರಡನೇ ವಯಸ್ಸಿಗೆ ಅಮೆರಿಕಕ್ಕೆ ಬಂದವರು. 1981ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಕಿರಿಯ ವೈದ್ಯರಾಗಿದ್ದಾಗಲೇ, ಹೆಸರೇ ಇಲ್ಲದ ಆ ಕಾಯಿಲೆಯ ಮೊದಲ ರೋಗಿಗಳನ್ನು ಕಂಡವರು. ಆಗಿನಿಂದ 1994ರವರೆಗೆ ವೈದ್ಯರ ಕೈಯಲ್ಲಿ ಹೇಳಿಕೊಳ್ಳುವಂಥ ಆಯುಧ ಇರಲಿಲ್ಲ. 1987ರಲ್ಲಿ ಬಂದ ಎಝಡ್‌ಟಿ ಎಂಬ ಔಷಧಿ ಕೆಲವು ತಿಂಗಳು ಕೆಲಸ ಮಾಡಿ ಸೋಲುತ್ತಿತ್ತು. ಯಾಕೆ ಸೋಲುತ್ತದೆ ಎಂಬುದಕ್ಕೂ ಪೂರ್ತಿ ಉತ್ತರ ಇರಲಿಲ್ಲ.

1995ರ ಜನವರಿ 12ರ 'ನೇಚರ್' ಸಂಚಿಕೆಯಲ್ಲಿ ಒಂದರ ಬೆನ್ನಿಗೆ ಒಂದು ಎರಡು ಲೇಖನಗಳು ಬಂದವು. ಒಂದು ಹೋ, ಪೆರೆಲ್ಸನ್, ಅವಿದಾನ್ ನ್ಯೂಮನ್, ಮಾರ್ಟಿನ್ ಮಾರ್ಕೊವಿಟ್ಜ್ ಮತ್ತಿತರರದು. ಇನ್ನೊಂದು ಅಲಬಾಮಾದ ವೈದ್ಯ ಜಾರ್ಜ್ ಶಾ ಅವರ ತಂಡದ್ದು. ಅವರ ಗಣಿತದ ಜೊತೆಗಾರ ಆಕ್ಸ್‌ಫರ್ಡ್‌ನ ಮಾರ್ಟಿನ್ ನೊವಾಕ್. ಬೇರೆ ಬೇರೆ ರೋಗಿಗಳು, ಉತ್ತರ ಮಾತ್ರ ಒಂದೇ. ಹಳ್ಳಕ್ಕೆ ಅಡ್ಡ ಕಟ್ಟಿದ ಕೂಡಲೇ ನೀರು ಧುಮ್ಮಿಕ್ಕಿ ಇಳಿದಿತ್ತು. ಸುಮಾರು ಎರಡು ದಿನಕ್ಕೊಮ್ಮೆ ವೈರಸ್ ಅರ್ಧಕ್ಕೆ ಇಳಿಯುತ್ತಿತ್ತು; ಎರಡು ವಾರದಲ್ಲಿ ನೂರರಲ್ಲಿ ಒಂದು ಪಾಲಾಗಿತ್ತು. ಹಾಗಾದರೆ ಔಷಧಿ ಕೊಡುವ ಮೊದಲು ದಿನಕ್ಕೆ ಕಡಿಮೆಯೆಂದರೂ 68 ಕೋಟಿ ಕಣ ಹುಟ್ಟಿ, ಅಷ್ಟೇ ಸಾಯುತ್ತಿದ್ದವು. ನಿದ್ದೆ ಎಂದುಕೊಂಡಿದ್ದ ಹತ್ತು ವರ್ಷ, ದೇಹ ಒಂದು ದಿನವೂ ಬಿಡುವಿಲ್ಲದೆ ಹೋರಾಡುತ್ತಿದ್ದ ಹತ್ತು ವರ್ಷವಾಗಿತ್ತು.

ಕಡಿಮೆಯೆಂದರೂ ಎಂಬ ಮಾತನ್ನು ಅವರು ಬೇಕೆಂದೇ ಸೇರಿಸಿದ್ದರು. ಎರಡು ದಿನದ ಆ ಇಳಿತದಲ್ಲಿ ಎರಡು ಬೇರೆ ಸಾವುಗಳು ಬೆರೆತಿದ್ದವು: ರಕ್ತದಲ್ಲಿ ತೇಲುವ ವೈರಸ್ ಕಣದ ಸಾವು, ಮತ್ತು ಆ ಕಣಗಳನ್ನು ಉಗುಳುತ್ತಿದ್ದ ಸೋಂಕಿತ ಕೋಶದ ಸಾವು. ಎರಡನ್ನೂ ಬಿಡಿಸಬೇಕಿತ್ತು. ಎರಡು ಗಂಟೆಗೊಮ್ಮೆ ಸೂಜಿ ಚುಚ್ಚಿದ್ದು ಅದಕ್ಕಾಗಿ.

ಇಲ್ಲಿ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪೆರೆಲ್ಸನ್ ಬರೆದದ್ದು ಮೂಲದಲ್ಲಿ ಮೂರು ಸಾಲಿನ ಜಮಾ-ಖರ್ಚು. ಆರೋಗ್ಯವಂತ ಸಿಡಿ4 ಕೋಶ: ಹೊಸದಾಗಿ ಹುಟ್ಟಿದ್ದು ಜಮಾ, ಸಹಜವಾಗಿ ಸತ್ತದ್ದು ಮತ್ತು ವೈರಸ್ಸಿಗೆ ಸಿಕ್ಕಿದ್ದು ಖರ್ಚು. ಸೋಂಕಿತ ಕೋಶ: ವೈರಸ್ಸಿಗೆ ಸಿಕ್ಕಿದ್ದು ಜಮಾ, ಸತ್ತದ್ದು ಖರ್ಚು. ವೈರಸ್ ಕಣ: ಸೋಂಕಿತ ಕೋಶ ಹೊರಹಾಕಿದ್ದು ಜಮಾ, ದೇಹ ತೊಳೆದುಹಾಕಿದ್ದು ಖರ್ಚು. ರಿಟೊನವಿರ್ ಏನು ಮಾಡುತ್ತದೆಂದರೆ, ಕೋಶ ಕಣಗಳನ್ನು ಹೊರಹಾಕುವುದನ್ನು ತಡೆಯುವುದಿಲ್ಲ. ಹೊರಬರುವ ಕಣಗಳನ್ನು ಜೊಳ್ಳು ಮಾಡುತ್ತದೆ. ಪರೀಕ್ಷೆಗೆ ಕಾಳು ಯಾವುದು ಜೊಳ್ಳು ಯಾವುದು ತಿಳಿಯದು, ಎರಡನ್ನೂ ಎಣಿಸುತ್ತದೆ. ಹಾಗಾಗಿ ಮೊದಲ ಕೆಲವು ಗಂಟೆ ಎಣಿಕೆ ಇಳಿಯುವುದಿಲ್ಲ. ಗೆರೆ ಭುಜದಂತೆ ಸ್ವಲ್ಪ ದೂರ ಮಟ್ಟವಾಗಿ ಹೋಗಿ, ಆಮೇಲೆ ತೋಳಿನಂತೆ ಇಳಿಯುತ್ತದೆ. ಆ ಭುಜದ ಬಾಗಿನಲ್ಲಿ ಕಣದ ಆಯುಸ್ಸು ಅಡಗಿತ್ತು. ತೋಳಿನ ಇಳಿಜಾರಿನಲ್ಲಿ ಕೋಶದ ಆಯುಸ್ಸು.

ರಕ್ತದಲ್ಲಿರುವ ಕಣಗಳಲ್ಲಿ ಅರ್ಧ ಆರೇ ಗಂಟೆಯಲ್ಲಿ ಇಲ್ಲವಾಗುತ್ತಿದ್ದವು. ವೈರಸ್ ಉತ್ಪಾದಿಸುವ ಕೋಶ ಸರಾಸರಿ 2.2 ದಿನ ಬದುಕುತ್ತಿತ್ತು. ಒಂದು ಕಣ ಹೊರಬಂದು, ಇನ್ನೊಂದು ಕೋಶಕ್ಕೆ ನುಗ್ಗಿ, ಅಲ್ಲಿಂದ ಮುಂದಿನ ತಲೆಮಾರು ಹೊರಬರಲು 2.6 ದಿನ. ವರ್ಷಕ್ಕೆ ಸುಮಾರು 140 ತಲೆಮಾರು. ದಿನದ ಉತ್ಪಾದನೆ ಸರಾಸರಿ 1,030 ಕೋಟಿ ಕಣ.

ಈ ಒಂದು ಅಂಕಿಯಿಂದ ಎಝಡ್‌ಟಿಯ ಸೋಲು ಬಿಡಿಸಿ ಹೇಳಿದಂತಾಯಿತು. ಎಚ್‌ಐವಿಯ ತಳಿಬರಹ ಸುಮಾರು 10,000 ಅಕ್ಷರಗಳದ್ದು. ಅದನ್ನು ನಕಲು ಮಾಡುವ ಕಿಣ್ವ ಸುಮಾರು 30,000 ಅಕ್ಷರಕ್ಕೊಂದು ತಪ್ಪು ಮಾಡುತ್ತದೆ. ಮೂರು ಪ್ರತಿಗಳಲ್ಲಿ ಒಂದರಲ್ಲಿ ತಪ್ಪು ಎಂದಾಯಿತು. ದಿನವೂ ಇಷ್ಟು ನಕಲು ನಡೆಯುವ ದೇಹದಲ್ಲಿ, ಒಂದೇ ಅಕ್ಷರ ಬದಲಾದರೆ ಔಷಧಿಗೆ ಬಗ್ಗದಂತಾಗುವ ವೈರಸ್, ಅದನ್ನು ಕೊಡುವ ಮುಂಚೆಯೇ ಹುಟ್ಟಿರುತ್ತದೆ. ಒಂದೇ ಔಷಧಿ ಕೊಟ್ಟರೆ ಉಳಿದದ್ದೆಲ್ಲ ಸತ್ತು ಅದೊಂದೇ ಬೆಳೆಯುತ್ತದೆ. ನೆವಿರಾಪಿನ್ ಎಂಬ ಔಷಧಿ ಒಂದನ್ನೇ ಕೊಟ್ಟಾಗ ಎರಡರಿಂದ ನಾಲ್ಕು ವಾರದಲ್ಲಿ ರಕ್ತದ ವೈರಸ್ಸೆಲ್ಲ ಬದಲಾಗಿರುವುದನ್ನು ಶಾ ತಂಡ ಕಣ್ಣಾರೆ ಕಂಡಿತ್ತು. ಆದರೆ ಮೂರು ಬೇರೆ ಔಷಧಿಗಳಿಗೆ ಬೇಕಾದ ಮೂರು ತಪ್ಪುಗಳು ಒಂದೇ ಪ್ರತಿಯಲ್ಲಿ ಒಟ್ಟಿಗೆ ಬೀಳುವುದು ಬಲು ಅಪರೂಪ. ಔಷಧಿಗಳನ್ನು ಒಂದಾದ ಮೇಲೊಂದು ಕೊಡಬಾರದು, ಮೂರನ್ನೂ ಒಟ್ಟಿಗೇ ಕೊಡಬೇಕು. 1996ರ ಜುಲೈಯಲ್ಲಿ ವ್ಯಾಂಕೂವರ್‌ನ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ ಮೂರು ಔಷಧಿಗಳ ಚಿಕಿತ್ಸೆಯ ಫಲಿತಾಂಶಗಳು ಹೊರಬಿದ್ದವು. ಮುಂದಿನ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಏಡ್ಸ್ ಸಾವಿನ ಪ್ರಮಾಣ 47% ಇಳಿಯಿತು.

ಗೆಲುವಿನ ಆ ಹೊತ್ತಿನಲ್ಲಿ ಮುಂದಿನ ಪ್ರಶ್ನೆ ತಾನಾಗಿ ಬಂತು. ನೀರು ಇಷ್ಟು ಬೇಗ ಇಳಿಯುವುದಾದರೆ ಕೆರೆ ಯಾವಾಗ ಪೂರ್ತಿ ಒಣಗುತ್ತದೆ? 1997ರ ಮೇ ತಿಂಗಳಲ್ಲಿ ಪೆರೆಲ್ಸನ್, ಹೋ ಮತ್ತಿತರರು ಎಂಟು ರೋಗಿಗಳ ಲೆಕ್ಕ ಕೊಟ್ಟರು. ಮೊದಲ ಎರಡು ವಾರದ ಕಡಿದಾದ ಇಳಿತದ ನಂತರ ಗೆರೆ ಬಾಗಿ ನಿಧಾನವಾಗುತ್ತಿತ್ತು. ಸೋಂಕು ತಗುಲಿಯೂ ವಾರಗಟ್ಟಲೆ ಬದುಕುವ ಬೇರೆ ಬಗೆಯ ಕೋಶಗಳು ಅಲ್ಲಿದ್ದವು. ಅವೂ ಸಾಯಲು 2.3ರಿಂದ 3.1 ವರ್ಷ ಬೇಕು ಎಂದು ಲೆಕ್ಕ ಬಂತು. ಕಣ್ಣಿಗೆ ಬೀಳದ ಅಡಗುತಾಣಗಳಿದ್ದರೆ ಇನ್ನೂ ಹೆಚ್ಚಾಗಬಹುದು ಎಂಬ ಎಚ್ಚರಿಕೆಯೂ ಅದೇ ಲೇಖನದಲ್ಲಿತ್ತು. ಆದರೆ ಲೋಕ ಕೇಳಿಸಿಕೊಂಡದ್ದು ಮೂರು ವರ್ಷ ಎಂಬುದನ್ನಷ್ಟೇ. ಸಾವಿನ ಹೊಸ್ತಿಲಿಂದ ಮರಳಿದ ಜನ ಹಾಗೆ ಕೇಳಿಸಿಕೊಂಡದ್ದರಲ್ಲಿ ತಪ್ಪೇನಿದೆ?

ಸುಮಾರು ಆರು ತಿಂಗಳ ಮೇಲೆ, ಆ ವರ್ಷದ ನವೆಂಬರ್‌ನಲ್ಲಿ, ರಾಬರ್ಟ್ ಸಿಲಿಸಿಯಾನೊ, ಡಗ್ಲಸ್ ರಿಚ್‌ಮನ್, ಆಂಥನಿ ಫೌಚಿ ಅವರ ಮೂರು ತಂಡಗಳು ಅಡಗುತಾಣವನ್ನು ತೋರಿಸಿಕೊಟ್ಟವು. ಕೆರೆಯ ತಳದಲ್ಲಿ ಒರತೆ ಇತ್ತು. ಒಮ್ಮೆ ಬಂದ ರೋಗವನ್ನು ನಮ್ಮ ದೇಹ ಜೀವಮಾನವಿಡೀ ನೆನಪಿಟ್ಟುಕೊಳ್ಳುವುದು ನೆನಪಿನ ಕೋಶಗಳಿಂದ. ಅವು ದಶಕಗಟ್ಟಲೆ ಸುಮ್ಮನೆ ಕಾದು ಕೂರುತ್ತವೆ. ಎಚ್‌ಐವಿ ತನ್ನ ತಳಿಬರಹವನ್ನು ಆ ಕೋಶಗಳೊಳಗೇ ಹೊಲಿದುಬಿಟ್ಟಿತ್ತು. ಕೋಶ ಸುಮ್ಮನಿರುವಷ್ಟು ಕಾಲ ವೈರಸ್ಸೂ ಸುಮ್ಮನೆ. ಯಾವ ಔಷಧಿಗೂ ಸಿಗದು. 1999ರಲ್ಲಿ ಸಿಲಿಸಿಯಾನೊ ತಂಡ ಈ ಒರತೆಯ ಅರ್ಧಾಯುವನ್ನೂ ಅಳೆಯಿತು. ಸುಮಾರು 44 ತಿಂಗಳು. ಅಂಥ ಲಕ್ಷ ಕೋಶಗಳಿದ್ದರೆ ಪೂರ್ತಿ ಬತ್ತಲು 60 ವರ್ಷಕ್ಕೂ ಹೆಚ್ಚು. ಮೂರು ವರ್ಷದ ಮಾತು ಜೀವಮಾನದ ಮಾತಾಯಿತು, ಎರಡೂ ಒಂದೇ ಬಗೆಯ ಲೆಕ್ಕದಿಂದ.

1995ರ ಲೇಖನಗಳಲ್ಲಿ ನಿಲ್ಲದೇ ಹೋದ ಇನ್ನೊಂದು ಮಾತಿದೆ. ಔಷಧಿ ಕೊಟ್ಟಾಗ ರಕ್ತದಲ್ಲಿ ಸಿಡಿ4 ಕೋಶ ಸರಸರನೆ ಏರಿದ್ದನ್ನು ಕಂಡು, ದೇಹ ದಿನವೂ ಸುಮಾರು 200 ಕೋಟಿ ಹೊಸ ಕೋಶ ಹುಟ್ಟಿಸುತ್ತಿತ್ತು ಎಂದು ಅವರು ಎಣಿಸಿದ್ದರು. ಆ ಏರಿಕೆಯಲ್ಲಿ ಒಂದು ಪಾಲು ಹೊಸದಾಗಿ ಹುಟ್ಟಿದ ಕೋಶಗಳಲ್ಲ, ದುಗ್ಧಗ್ರಂಥಿಗಳಲ್ಲಿ ಸಿಕ್ಕಿಕೊಂಡಿದ್ದು ರಕ್ತಕ್ಕೆ ಮರಳಿದವು ಎಂದು ಬೇರೆಯವರು ತೋರಿಸಿದರು. ವೈರಸ್ಸಿನ ಲೆಕ್ಕ ಉಳಿಯಿತು, ಕೋಶದ ಲೆಕ್ಕ ತಿದ್ದುಪಡಿ ಕಂಡಿತು.

ನಮ್ಮ ದೇಶಕ್ಕೆ ಈ ಗಣಿತ ಬಂದದ್ದು ಗುಳಿಗೆಯ ರೂಪದಲ್ಲಿ. ಮೂರು ಔಷಧಿಗಳ ಚಿಕಿತ್ಸೆಗೆ ಅಮೆರಿಕದಲ್ಲಿ ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ಬೀಳುತ್ತಿದ್ದಾಗ, 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದನ್ನು ಗಡಿರಹಿತ ವೈದ್ಯರ ಸಂಸ್ಥೆಗೆ 350 ಡಾಲರಿಗೆ ಕೊಡುತ್ತೇವೆ ಎಂದರು. ಮೂರೂ ಔಷಧಿಗಳು ಒಂದೇ ಗುಳಿಗೆಯಲ್ಲಿ ಸೇರಿದವು. 2004ರ ಏಪ್ರಿಲ್ 1ರಂದು ಸರಕಾರ ಈ ಚಿಕಿತ್ಸೆಯನ್ನು (ಎಆರ್‌ಟಿ) ಉಚಿತವಾಗಿ ಕೊಡಲು ಆರಂಭಿಸಿದಾಗ, ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಎಆರ್‌ಟಿ ಕೇಂದ್ರದ ಆಪ್ತ ಸಮಾಲೋಚಕರು ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಬೇಡಿ ಎಂದು ಪ್ರತಿ ಸಲವೂ ಹೇಳುವುದರ ಹಿಂದೆ ಆ 2.6 ದಿನದ ತಲೆಮಾರಿನ ಲೆಕ್ಕವಿದೆ.

ಅದೇ 2004ರಲ್ಲಿ 'ನೇಚರ್' ಪತ್ರಿಕೆ ಇನ್ನೊಂದು ವೈರಸ್ಸಿನ ಲೆಕ್ಕ ಪ್ರಕಟಿಸಿತು. ಹೆಪಟೈಟಿಸ್ ಸಿ ರೋಗಿಗಳಲ್ಲಿ ರಿಬಾವಿರಿನ್ ತಾನೊಂದೇ ಹೆಚ್ಚೇನೂ ಮಾಡದು, ಇಂಟರ್‌ಫೆರಾನ್ ಜೊತೆಗೆ ಕೊಟ್ಟರೆ ಗುಣವಾಗುವವರು ಹೆಚ್ಚುತ್ತಾರೆ, ಯಾಕೆ? ಮೊದಲ ಹೆಸರು ನರೇಂದ್ರ ದೀಕ್ಷಿತ್, ಕೊನೆಯದು ಪೆರೆಲ್ಸನ್. ಲಾಸ್ ಅಲಮೋಸ್‌ನಲ್ಲಿ ಅವರ ಜೊತೆ ಕೆಲಸ ಮಾಡಿದ್ದ ದೀಕ್ಷಿತ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಸಾಯನಿಕ ಎಂಜಿನಿಯರಿಂಗ್ ವಿಭಾಗದಲ್ಲಿ ಈ ವಿದ್ಯೆಯನ್ನು ಮುಂದುವರಿಸಿದರು.

ಆ ಗುಂಪು ಕೈಗೆತ್ತಿಕೊಂಡ ಒಂದು ಒಗಟು ಕೋತಿಗಳದ್ದು. 2017ರಲ್ಲಿ ಅಮೆರಿಕದ ವಿಜ್ಞಾನಿಗಳು, ಎಚ್‌ಐವಿಯನ್ನು ಹೋಲುವ ವೈರಸ್ ತಗುಲಿಸಿದ 13 ಕೋತಿಗಳಿಗೆ ಸೋಂಕಿನ ಆರಂಭದಲ್ಲೇ, ಎರಡು ವಾರ ಮಾತ್ರ, ಪ್ರಬಲ ಪ್ರತಿಕಾಯಗಳನ್ನು ಕೊಟ್ಟಿದ್ದರು. ಆ ಪ್ರತಿಕಾಯ ದೇಹದಿಂದ ಪೂರ್ತಿ ಮಾಯವಾದ ಮೇಲೂ ಆರು ಕೋತಿಗಳಲ್ಲಿ ವೈರಸ್ ಹತೋಟಿಯಲ್ಲಿ ಉಳಿಯಿತು. ಇಲ್ಲದ ಔಷಧಿ ಹೇಗೆ ಕೆಲಸ ಮಾಡುತ್ತದೆ? 2020ರಲ್ಲಿ ಬೆಂಗಳೂರಿನ ಗುಂಪು ಬರೆದ ಸಮೀಕರಣಗಳು ಎರಡು ನೆಲೆಗಳನ್ನು ತೋರಿಸಿದವು. ಒಂದರಲ್ಲಿ ವೈರಸ್ ಹೆಚ್ಚು, ಅದನ್ನು ಕೊಲ್ಲಬೇಕಾದ ಸಿಡಿ8 ಕೋಶಗಳು ದಣಿದು ಕೈಚೆಲ್ಲಿರುತ್ತವೆ. ಇನ್ನೊಂದರಲ್ಲಿ ವೈರಸ್ ಕಡಿಮೆ, ಕೋಶಗಳು ಚುರುಕು. ಗುಡ್ಡದ ಎರಡು ಮಗ್ಗುಲಿನ ಎರಡು ಕಣಿವೆಗಳಂತೆ. ಬಿದ್ದ ಕಡೆಯೇ ನಿಲ್ಲುವುದು ಸಹಜ. ಆರಂಭದ ಪ್ರತಿಕಾಯ ಎರಡು ಕೆಲಸ ಮಾಡುತ್ತದೆ. ವೈರಸ್ಸನ್ನು ತಗ್ಗಿಸಿ ಸಿಡಿ8 ಕೋಶಗಳು ದಣಿಯದಂತೆ ಕಾಯುತ್ತದೆ, ಜೊತೆಗೆ ವೈರಸ್ಸಿನ ಗುರುತನ್ನು ಅವುಗಳ ಮುಂದೆ ಹಿಡಿದು ಎಬ್ಬಿಸುತ್ತದೆ. ಅಷ್ಟರಲ್ಲಿ ದೇಹ ಗುಡ್ಡದ ನೆತ್ತಿ ದಾಟಿ ಆಚೆಯ ಕಣಿವೆಗೆ ಇಳಿದಿರುತ್ತದೆ. ದೀರ್ಘ ಕಾಯಿಲೆ ಮತ್ತು ಗುಣವಾಗುವ ಕಾಯಿಲೆ ಎರಡನ್ನೂ ಒಂದೇ ಸಮೀಕರಣಗಳಿಂದ ಹೊರಡಿಸಿದ ಮಾರ್ಚುಕ್ ಇದನ್ನು ನೋಡಿದ್ದರೆ ಸಂತೋಷಪಡುತ್ತಿದ್ದರು.

ಆ ಆರು ಕೋತಿಗಳ ರಕ್ತದಲ್ಲಿ ವೈರಸ್ಸಿನ ಗೆರೆ ತಳದಲ್ಲೇ ಮಟ್ಟವಾಗಿ ಮಲಗಿತ್ತು. ಎಲ್ಲ ಮುಗಿದು ಶಾಂತವಾದಂತೆ ಕಾಣುತ್ತಿತ್ತು. ಪ್ರಯೋಗ ನಡೆಸಿದವರು, ಸಿಡಿ8 ಕೋಶಗಳನ್ನಷ್ಟೇ ತೆಗೆದುಹಾಕುವ ಔಷಧಿಯನ್ನು ಅವಕ್ಕೆ ಕೊಟ್ಟು ನೋಡಿದರು. ಗೆರೆ ಬೇಗನೆ ಮೇಲೆದ್ದಿತು. ಅಷ್ಟು ದಿನವೂ ಆ ಕೋಶಗಳು ಕೆಲಸ ಮಾಡುತ್ತಲೇ ಇದ್ದವು.